ಅರ್ಬುದದ ಬೇರು

ಋಗ್ವೇದದಲ್ಲಿ ಅರ್ಬುದ ಎಂದರೆ ಇಂದ್ರನ ಕೈಯಲ್ಲಿ ಸತ್ತ ಅಸುರ. ರಾಜಸ್ಥಾನದ ಅಬು ಬೆಟ್ಟದ ಹಳೆಯ ಹೆಸರೂ ಅದೇ. ಆರ್ಯಭಟನ ಎಣಿಕೆಯಲ್ಲಿ ಅದು ಹತ್ತು ಕೋಟಿ. ತಾಯಿಯ ಹೊಟ್ಟೆಯಲ್ಲಿ ಆಗತಾನೇ ಉಂಡೆಗಟ್ಟಿದ ಪಿಂಡವನ್ನೂ ಅರ್ಬುದ ಎಂದವರಿದ್ದಾರೆ. ಉಬ್ಬಿದ್ದು, ಬೆಳೆದು ನಿಂತದ್ದು ಎಂಬ ಎಳೆ ಇವೆಲ್ಲವನ್ನೂ ಪೋಣಿಸಿದಂತೆ ನನಗೆ ಕಾಣುತ್ತದೆ.

ಈ ಪದವನ್ನು ರೋಗಕ್ಕೆ ಬಿಗಿಯಾಗಿ ಕಟ್ಟಿದ್ದು ಸುಶ್ರುತ ಸಂಹಿತೆ. ನಿದಾನಸ್ಥಾನದ 11ನೇ ಅಧ್ಯಾಯ ಅರ್ಬುದದ ಗುರುತುಗಳನ್ನು ಹೇಳುತ್ತದೆ: ದುಂಡಗಿರುತ್ತದೆ, ಅಲುಗುವುದಿಲ್ಲ, ನೋವು ಕಡಿಮೆ, ಬೇರು ದೊಡ್ಡದು, ನಿಧಾನವಾಗಿ ಬೆಳೆಯುತ್ತದೆ, ಹುಣ್ಣಿನಂತೆ ಮಾಗಿ ಕೀವಾಗುವುದಿಲ್ಲ. ಒತ್ತಿ, ಅಲುಗಿಸಿ, ಬೆರಳಿನಿಂದಲೇ ತಿಳಿದವರ ಮಾತಿದು.

ಆದರೆ ಹೃದಯಕ್ಕೆ ಬೆರಳು ಹೋಗದು. 1559ರಲ್ಲಿ ಇಟಲಿಯ ರಿಯಾಲ್ಡೊ ಕೊಲಂಬೊ ಹೃದಯದ ಗೆಡ್ಡೆಯೊಂದನ್ನು ದಾಖಲಿಸಿದ್ದು ಶವವನ್ನು ಕೊಯ್ದು ನೋಡಿ. ಬದುಕಿರುವವರ ಹೃತ್ಕರ್ಣದಲ್ಲಿ ಗೆಡ್ಡೆಯನ್ನು ಶಬ್ದದಲೆಗಳಿಂದ ಪತ್ತೆಹಚ್ಚಿದ ವರದಿ ಜರ್ಮನಿಯಿಂದ ಬಂದದ್ದು 1959ರಲ್ಲಿ. ನಡುವೆ 400 ವರ್ಷ!

ಇಂದು ಅದೇ ಶಬ್ದದಲೆಗಳ ಎಕೋ ಪರದೆಯ ಮೇಲೆ ಮಿಕ್ಸೋಮಾ ಎಂಬ ಗೆಡ್ಡೆ ಕಂಡವರು ಅದನ್ನು ಮರೆಯಲಾರರು. ಎಡ ಹೃತ್ಕರ್ಣದಲ್ಲಿ ತೊಟ್ಟಿನ ಆಸರೆಯಲ್ಲಿ ಜೋತುಬಿದ್ದು, ಬಡಿತ ಬಡಿತಕ್ಕೂ ಕವಾಟದತ್ತ ಹೋಗಿ ಬರುತ್ತಿರುತ್ತದೆ. ಅದು ಕ್ಯಾನ್ಸರ್ ಅಲ್ಲ. ಆಂಜಿಯೋಸಾರ್ಕೋಮಾ ಎಂಬ ಕ್ಯಾನ್ಸರಿನ ವರಸೆಯೇ ಬೇರೆ. ಸಾಮಾನ್ಯವಾಗಿ ಬಲ ಹೃತ್ಕರ್ಣದ ಗೋಡೆಗೆ ಅಗಲವಾಗಿ ಅಂಟಿಕೊಂಡು, ಗೋಡೆಯೊಳಕ್ಕೇ ಇಳಿದು, ಹೃದಯದ ಹೊರಚೀಲಕ್ಕೂ ಹಬ್ಬುತ್ತದೆ. ಚೀಲದಲ್ಲಿ ರಕ್ತ ಬೆರೆತ ನೀರು ತುಂಬಿಕೊಳ್ಳುತ್ತದೆ. ಎಂಆರ್‌ಐನಲ್ಲಿ ಗ್ಯಾಡೊಲಿನಿಯಂ ಎಂಬ ಔಷಧ ಚುಚ್ಚಿದಾಗ, ಗೆಡ್ಡೆಯಂತೆ ಕಂಡರೂ ರಕ್ತನಾಳಗಳಿಲ್ಲದ ರಕ್ತದ ಹೆಪ್ಪು ಕಪ್ಪಾಗಿಯೇ ಉಳಿಯುತ್ತದೆ. ಸಾರ್ಕೋಮಾ ಔಷಧವನ್ನು ಹೀರಿ ಅಲ್ಲಲ್ಲಿ ಬೆಳಗುತ್ತದೆ, ಅದರೊಳಗೆ ಸತ್ತ ಭಾಗ ಮಾತ್ರ ಕಪ್ಪು.

ಅಲುಗುತ್ತದೆಯೇ? ಬೇರು ಎಷ್ಟು ಅಗಲ, ಎಷ್ಟು ಆಳ? ಸ್ಕ್ಯಾನ್ ಓದುವವರು ಮೊದಲು ಕೇಳಿಕೊಳ್ಳುವುದು ಸುಶ್ರುತನ ಇದೇ ಪ್ರಶ್ನೆಗಳನ್ನು. ಒಂದು ಲಕ್ಷಣವಂತೂ ಹೊಂದುವುದಿಲ್ಲ. ಈ ಸಾರ್ಕೋಮಾಕ್ಕೆ ನಿಧಾನವೆಂಬುದೇ ಗೊತ್ತಿಲ್ಲ. ಪತ್ತೆಯಾಗುವ ಹೊತ್ತಿಗೆ ಎಷ್ಟೋ ಸಲ ಶ್ವಾಸಕೋಶಕ್ಕೆ ದಾಟಿರುತ್ತದೆ.

ಕನ್ನಡದಲ್ಲಿ ಅರ್ಬುದ ಎಂದರೆ ಈಗ ಬಹುತೇಕ ಕ್ಯಾನ್ಸರೇ. ಕೆಲವರು ಎಲ್ಲ ಗೆಡ್ಡೆಗೂ ಅದನ್ನೇ ಬಳಸುತ್ತಾರೆ. ಹೃದಯದ ವಿಷಯದಲ್ಲಿ ಈ ಸಡಿಲತೆ ನನಗೆ ಸಲ್ಲದು ಎನಿಸುತ್ತದೆ. ಹೃದಯದಲ್ಲೇ ಹುಟ್ಟುವ ಗೆಡ್ಡೆಗಳು ಅಪರೂಪ, ಅವುಗಳಲ್ಲೂ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಎಕೋ ಕೋಣೆಯ ಹೊರಗೆ ಕಾದು ನಿಂತ ಹೆಂಡತಿಗೆ, ಮಗನಿಗೆ ಒಂದು ಪದದ ವ್ಯತ್ಯಾಸ ಆ ರಾತ್ರಿಯ ನಿದ್ದೆಯ ಪ್ರಶ್ನೆ. ಪರದೆಯಲ್ಲಿ ಕಂಡದ್ದನ್ನು ಗೆಡ್ಡೆ ಎನ್ನೋಣ. ಬಯಾಪ್ಸಿಯಲ್ಲಿ ಖಚಿತವಾದ ಮೇಲಷ್ಟೇ ಅರ್ಬುದ ಎನ್ನೋಣ.