ವಾಯುಯೋಗ್ಯತೆಯೂ ಅಂಗೀಕಾರದ ಒತ್ತಡವೂ: ಕಾರವಾರದ ವಿಮಾನವಾಹಕ ನೌಕೆಯ ವಿಮಾನಗಳನ್ನು ಕುರಿತು

ಕಾರವಾರದಿಂದ ಅಂಕೋಲೆಯ ಕಡೆಗೆ ಹೊರಟವರಿಗೆ ಬಿಣಗಾ, ಅರ್ಗಾ ಗ್ರಾಮಗಳ ಆಸುಪಾಸಿನಲ್ಲಿ ಕಾಣುವ, ಊರವರು ಇಂದಿಗೂ ಸೀಬರ್ಡ್ ಎಂದೇ ಕರೆಯುವ ಕದಂಬ ನೌಕಾನೆಲೆಯು 2005ರ ಮೇ ತಿಂಗಳಲ್ಲಿ ಕಾರ್ಯಾರಂಭಮಾಡಿ, 2014ರ ಜನವರಿಯಲ್ಲಿ ವಿಕ್ರಮಾದಿತ್ಯ ವಿಮಾನವಾಹಕ ನೌಕೆಗೆ ಆಶ್ರಯಸ್ಥಾನವಾಯಿತು. ನೌಕೆಯ ವೈಭವವನ್ನು ವರ್ಣಿಸಿದವರು ಬಹುಮಂದಿ. ಅದರ ಮೇಲಿಂದ ಹಾರತಕ್ಕ ವಿಮಾನಗಳನ್ನು ಯೋಗ್ಯವೆಂದು ಒಪ್ಪಿಕೊಂಡ ಬಗೆಯನ್ನು ವಿಚಾರಿಸಿದವರು ವಿರಳ.

ಈ ವಿಷಯದಲ್ಲಿ ಒತ್ತಡವೆಂದೊಡನೆ ಮಂತ್ರಿಯೊಬ್ಬರ ಗುಪ್ತ ಆಜ್ಞೆಯನ್ನೋ ವ್ಯಾಪಾರಿಯ ಆಮಿಷವನ್ನೋ ಊಹಿಸುವುದು ವಾಡಿಕೆ. ದಾಖಲೆಗಳು ಸೂಚಿಸುವುದು ಇದಕ್ಕಿಂತ ಸೂಕ್ಷ್ಮವಾದ ಸಂಗತಿಯನ್ನು: ಅರ್ಹತಾಪತ್ರದಲ್ಲಿ ಯಾರೂ ಸುಳ್ಳು ಬರೆಯಬೇಕಾಗಿಲ್ಲ, ದಿನಾಂಕ ಮೊದಲೇ ನಿಶ್ಚಿತವಾಗಿ, ಬೇರೊಂದು ವಿಮಾನ ಕೈಯಲ್ಲಿಲ್ಲದಿದ್ದರೆ, ವಿನಾಯಿತಿಗಳು ತಾವಾಗಿಯೇ ಬೆಳೆಯುತ್ತವೆ. 2004ರ ಜನವರಿಯಲ್ಲಿ ರಷ್ಯದೊಡನೆ ಆದ ಒಪ್ಪಂದದಲ್ಲಿ ಮುಂದೆ ವಿಕ್ರಮಾದಿತ್ಯವಾದ ಹಳೆಯ ಗೋರ್ಷ್ಕೋವ್ ನೌಕೆಯೂ ಹದಿನಾರು ಮಿಗ್-29ಕೆ ವಿಮಾನಗಳೂ ಒಂದಕ್ಕೊಂದು ಗಂಟುಬಿದ್ದಿದ್ದವು. ವಿಮಾನಗಳು 2010ರ ಫೆಬ್ರವರಿಯಲ್ಲಿ ಸೇವೆಗೆ ಸೇರಿದವು. ನೌಕೆ ಹಸ್ತಾಂತರವಾದದ್ದು 2013ರ ನವೆಂಬರಿನಲ್ಲಿ. ಇಳಿಯುವ ವಿಮಾನದ ಹಿಂಬದಿಯ ಕೊಕ್ಕೆ ಹಡಗಿನ ಮೇಲಣ ಉಕ್ಕಿನ ಹಗ್ಗವನ್ನು ಹಿಡಿದು, ಆ ಭಾರವೆಲ್ಲ ಕೆಲವೇ ಕ್ಷಣಗಳಲ್ಲಿ ಸ್ತಬ್ಧವಾಗುವಾಗ, ನೆಲದ ಓಡುದಾರಿಯಲ್ಲಿ ಎಂದೂ ಒದಗದ ಆಘಾತವನ್ನು ಅದರ ಒಂದೊಂದು ಅಂಗವೂ ಸಹಿಸಬೇಕಾಗುತ್ತದೆ. ಆ ಪರೀಕ್ಷೆ ತಮ್ಮದೇ ಹಡಗಿನ ಮೇಲೆ ನಡೆಯುವುದಕ್ಕೆ ಮುಂಚೆಯೇ ಅಂಗೀಕಾರದ ಸಹಿ ಬಿದ್ದಿತ್ತು.

ಮಹಾಲೇಖಪಾಲರ ವರದಿಯು 2016ರ ಜುಲೈಯಲ್ಲಿ ಸಂಸತ್ತಿನ ಮುಂದೆ ಬಂದಾಗ, ನ್ಯೂನತೆಗಳಿದ್ದೂ ಈ ವಿಮಾನಗಳನ್ನು ತಾಂತ್ರಿಕವಾಗಿ ಒಪ್ಪಿಕೊಳ್ಳಲಾಯಿತೆಂಬುದು ಪ್ರಕಟವಾಯಿತು. ಎಂಜಿನುಗಳಲ್ಲಿ 40, ಎಂದರೆ ಶೇಕಡಾ 62ರಷ್ಟು, ವಿನ್ಯಾಸಸಂಬಂಧಿ ದೋಷಗಳ ನಿಮಿತ್ತ ಸೇವೆಯಿಂದ ಹಿಂದೆಗೆಯಲ್ಪಟ್ಟಿದ್ದವು. ಮಿಗ್-29ಕೆ ವಿಮಾನಗಳು ಹಾರಾಟಕ್ಕೆ ಸಿದ್ಧವಾಗಿ ದೊರೆತ ಪ್ರಮಾಣ ಶೇಕಡಾ 15.93ರಿಂದ 37.63. ಇಂತಹ ಅಂಕಗಳನ್ನು ಗಿರಾಕಿಯು ಕೊಳ್ಳುವ ಮೊದಲು ಕಂಡಿದ್ದರೆ ಚೌಕಾಸಿಯ ಸ್ವರೂಪವೇ ಬೇರೆಯಾಗುತ್ತಿತ್ತು.

ಪರದೇಶದ ಕಾರ್ಖಾನೆಯನ್ನೇ ದೂಷಿಸಿ ಸುಮ್ಮನಾಗುವಂತಿಲ್ಲ. ಬೆಂಗಳೂರಿನ ತೇಜಸ್ ವಿಮಾನಕ್ಕೆ 2013ರ ಡಿಸೆಂಬರಿನಲ್ಲಿ ಪ್ರಾರಂಭಿಕ ಕಾರ್ಯಾಚರಣೆಯ ಅನುಮತಿ ದೊರೆತಾಗ 20 ಶಾಶ್ವತ, 33 ತಾತ್ಕಾಲಿಕ ವಿನಾಯಿತಿಗಳು ಅದರ ಬೆನ್ನಿಗಿದ್ದವೆಂದು ಮಹಾಲೇಖಪಾಲರ 2015ರ ವರದಿ ಎಣಿಸಿತು. ಸೈನಿಕ ವಿಮಾನಗಳಿಗೆ ಪ್ರಮಾಣ ನೀಡುವ ಸೆಮಿಲ್ಯಾಕ್ ಸಂಸ್ಥೆಯು, ವಿಮಾನಗಳ ಅಭಿವೃದ್ಧಿಗೂ ಹೊಣೆಯಾದ ರಕ್ಷಣಾ ಸಂಶೋಧನಾ ಸಂಘಟನೆಯ ಆಶ್ರಯದಲ್ಲಿಯೇ ಇದೆ. ಅಲ್ಲಿನ ತಜ್ಞರ ಪ್ರಾಮಾಣಿಕತೆಯನ್ನು ಶಂಕಿಸಲು ನನಗೆ ಕಾರಣವಿಲ್ಲ. ಆದರೂ ಪರೀಕ್ಷಕನೂ ಪರೀಕ್ಷಾರ್ಥಿಯೂ ಒಂದೇ ಮನೆಯವರಾಗಿರುವ ವ್ಯವಸ್ಥೆ ಪ್ರಶಸ್ತವಲ್ಲ. ಅಮೆರಿಕೆಯಲ್ಲಿ ಬೋಯಿಂಗ್ ಸಂಸ್ಥೆಯ ನೌಕರರಿಗೇ ಪ್ರಮಾಣೀಕರಣದ ಅನೇಕ ಕೆಲಸಗಳನ್ನು ವಹಿಸಿಕೊಟ್ಟ ಪದ್ಧತಿಯು, 2018 ಮತ್ತು 2019ರಲ್ಲಿ ಎರಡು 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಮಂದಿ ಮಡಿದ ಬಳಿಕ, ತೀವ್ರ ವಿಮರ್ಶೆಗೆ ಗುರಿಯಾಯಿತು.

ಈ ಕಥೆಯಲ್ಲಿ ಅಪರೂಪದ ಪ್ರಸಂಗವೊಂದುಂಟು. ಸ್ವದೇಶೀ ವಿಮಾನದ ಪರವಾಗಿ ದೇಶಾಭಿಮಾನದ ಬಲವೆಲ್ಲ ನಿಂತಿದ್ದಾಗ, 2016ರ ಡಿಸೆಂಬರಿನಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಅವರು, ತೇಜಸ್ಸಿನ ನೌಕಾ ಮಾದರಿಯು ಆಗಿನ ಸ್ಥಿತಿಯಲ್ಲಿ ವಾಹಕನೌಕೆಯ ಅಗತ್ಯಕ್ಕೆ ಒದಗದೆಂದು ಬಹಿರಂಗವಾಗಿ ಹೇಳಿದರು. ಮಿಗ್ ಪ್ರಕರಣದಲ್ಲಿ ಆಡಲಾಗದಿದ್ದ ಮಾತು ಇಲ್ಲಿ ಸಾಧ್ಯವಾದದ್ದು, ಹಣವೂ ಹಡಗೂ ಆ ವಿಮಾನಕ್ಕೆ ಕಟ್ಟುಬಿದ್ದಿರಲಿಲ್ಲವಾದ್ದರಿಂದ. ಆ ನಿರಾಕರಣೆಯಿಂದ ಸಂಶೋಧನೆಯೂ ಕುಂಠಿತವಾಗಲಿಲ್ಲ: 2020ರ ಜನವರಿ 11ರಂದು ಅದೇ ನೌಕಾ ಮಾದರಿಯು ವಿಕ್ರಮಾದಿತ್ಯದ ಮೇಲೆ ಮೊದಲ ಬಾರಿಗೆ ಇಳಿಯಿತು, ಯುದ್ಧಸೇವೆಗೆಂದಲ್ಲ, ಪರೀಕ್ಷೆಗೆಂದು.