ಗಡಿಬೆಟ್ಟದ ಕಾಫಿ ದೊರೆಗಳು

ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಯಳಂದೂರು ಮೈಸೂರಿನದಾಗಿ, ಹನೂರನ್ನು ಒಳಗೊಂಡ ಕೊಳ್ಳೇಗಾಲದ ಸೀಮೆಯು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದುದಾಗಿ, ಇವೆರಡರ ನಡುವೆ ಗಡಿಗೋಡೆಯಂತೆ ನಿಂತ ಬಿಳಿಗಿರಿರಂಗನ ಬೆಟ್ಟಕ್ಕೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರ್‍ಯಾಂಡಾಲ್ಫ್ ಮಾರಿಸ್ ಎಂಬ ಸ್ಕಾಟ್ಲೆಂಡಿನವನು ಕಾಫಿ ಬೆಳೆಯಲು ಬಂದನು. ಆನೆ, ಕಾಟಿಗಳ ಸಂಚಾರದ ಆ ನಿರ್ಜನ ಶಿಖರಪ್ರದೇಶದಲ್ಲಿ ಅತ್ತಿಖಾನೆಯ ತೋಟವನ್ನೆಬ್ಬಿಸಿದ ಆತನ ಸಾಹಸವು ಸಾಮಾನ್ಯವಾದುದಲ್ಲ. ಆದರೆ ಕಾಡಿನ ದಾರಿ, ನೀರು, ಮೃಗಗಳ ಜಾಡುಗಳನ್ನೆಲ್ಲ ಬಲ್ಲ ಸೋಲಿಗರು ಅಲ್ಲಿ ಅದಕ್ಕೆ ಬಹುಪೂರ್ವದಿಂದಲೇ ನೆಲೆಸಿದ್ದರೆಂಬುದನ್ನು ಮರೆತು ಆತನನ್ನು ಮೊದಲಿಗನೆನ್ನುವುದು ಅನ್ಯಾಯವೆಂದೇ ನನ್ನ ಮತ.

ಮಗ ರಾಲ್ಫ್ ಕ್ಯಾಮ್ರೂ ಮಾರಿಸ್ (1894–1977) ತೋಟದ ವ್ಯವಹಾರವನ್ನು ಮುಂದುವರಿಸುತ್ತಲೇ, ಬೇಟೆಗಾರನ ಕಣ್ಣಿಗೆ ವಿಜ್ಞಾನಿಯ ಸಂಯಮವನ್ನು ಕೂಡಿಸಿಕೊಂಡು, ವನ್ಯಮೃಗಗಳ ನಡೆನುಡಿಗಳನ್ನು ಕುರಿತು ಬೊಂಬಾಯಿಯ ಪ್ರಕೃತಿ ಇತಿಹಾಸ ಸಂಘದ ಪತ್ರಿಕೆಗೆ ಅನೇಕ ಟಿಪ್ಪಣಿಗಳನ್ನು ಬರೆದನು. ಅವನ ಕೀರ್ತಿ ಉಳಿದಿರುವುದು ಕಾಫಿಯಿಂದಲ್ಲ, ಈ ಟಿಪ್ಪಣಿಗಳಿಂದ.

ಈ ಸೀಮೆಗೆ ಹೊರಗಿನಿಂದ ಬಂದವರು ತೋಟದ ದೊರೆಗಳು ಮಾತ್ರವಲ್ಲ; ಹನೂರಿನ ಕಡೆ ಮಾರ್ಟಳ್ಳಿ, ಸಂದನಪಾಳ್ಯಗಳಲ್ಲಿ ತಮಿಳು ಕ್ರೈಸ್ತ ರೈತರು ನೆಲೆಯೂರಿದರು. ಮಳೆ ನೆಚ್ಚಿದ ಹೊಲಗಳ ಆ ಬಡಜನರ ಬಾಳಿಗೆ ಇಗರ್ಜಿಯೇ ಕೇಂದ್ರವಾಯಿತು. ಅಂಥವರ ಶ್ರದ್ಧೆಯನ್ನು ನಾನು ಶ್ರೀಮಂತರ ದತ್ತಿಗಿಂತ ಕಡಮೆಯೆಂದೆಣಿಸಲಾರೆ.

ಬಿಳಿಗಿರಿರಂಗನ ಬೆಟ್ಟವು ಮುಂದೆ 1974ರಲ್ಲಿ ವನ್ಯಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಸೋಲಿಗರ ಸಾಮುದಾಯಿಕ ಅರಣ್ಯಹಕ್ಕಿಗೆ ಮಾನ್ಯತೆ ದೊರೆತುದೂ ಅದೇ ವರ್ಷದಲ್ಲಿ.