ರಾಯಕೋಟೆಯ ಚಿತ್ರವೂ ನಮ್ಮ ಪುಷ್ಯದ ಮಂಜೂ

ಬ್ಯಾಂಕಿಗೆ ಬರುವ ಕ್ಯಾಲೆಂಡರುಗಳಲ್ಲಿ ಡಿಸೆಂಬರ್ ಪುಟಕ್ಕೆ ಬಹುಮಟ್ಟಿಗೆ ಒಂದೇ ಚಿತ್ರ: ಹಿಮ ಬಿದ್ದ ಬಯಲು, ಎಲೆಯುದುರಿದ ಮುದಿಮರ. ಹೊಸೂರಿನಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದಾಗ ನಾನೂ ಅಂಥದೊಂದನ್ನು ನೋಡಿ ಜಲವರ್ಣದಲ್ಲಿ ಬರೆದಿದ್ದೆ. ಮೇಷ್ಟ್ರು ಬೆನ್ನು ತಟ್ಟಿದರು. ಅಜ್ಜಿ ಮಾತ್ರ, "ಇದು ಯಾವ ಮರವೋ? ಚಳಿಗೇ ಒಣಗಿಹೋಗಿದೆಯಲ್ಲ!" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಹಿತ್ತಲಿನ ಹುಣಿಸೆ ಪುಷ್ಯಮಾಸದಲ್ಲೂ ಹಸಿರಾಗಿ ನಿಂತು ಕಾಯಿ ತೂಗುತ್ತಿತ್ತು.

ನಮ್ಮ ಸೀಮೆಯನ್ನು ಕಣ್ಣಾರೆ ಕಂಡು ಬರೆದವರೇ ಇಲ್ಲವೆಂದಲ್ಲ. ಆದರೆ ಅವರು ಬಂದದ್ದು ದಂಡಿನ ದಾರಿಯಲ್ಲಿ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಜುಲೈಯಲ್ಲಿ, ಹೊಸೂರೂ ರಾಯಕೋಟೆಯೂ ಇಂಗ್ಲಿಷರ ಕೈಸೇರಿದವು. ಕೃಷ್ಣಗಿರಿಯ ಬೆಟ್ಟ ಆ ನವೆಂಬರಿನ ದಾಳಿಗೆ ಜಗ್ಗಲಿಲ್ಲ. ಆದರೂ 1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಬಾರಾಮಹಲಿನೊಡನೆ ಅದೂ ಟಿಪ್ಪುವಿನ ಕೈತಪ್ಪಿತು. ಕಾಗದದ ಮೇಲೆ ಗಡಿ ಸರಿಯುವುದು ನಮಗೆ 1956ರಲ್ಲಿ ಹೊಸದಾಗಿ ಬಂದದ್ದೇನಲ್ಲ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಪ್ಪಂದದ ಮರುತಿಂಗಳೇ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಮದರಾಸಿನಿಂದ ಹೊರಟು ಈ ಕಡೆ ಬಂದರು. ರಾಯಕೋಟೆಯ ಬಂಡೆಬೆಟ್ಟವನ್ನೂ ಬಾರಾಮಹಲಿನ ಇತರ ದುರ್ಗಗಳನ್ನೂ ಚಿತ್ರಿಸಿಕೊಂಡರು. ಸ್ಥಳದಲ್ಲಿ ಪೆನ್ಸಿಲಿನ ಗೆರೆ, ಮೇಲೆ ತೆಳುವಾದ ನೀರುಬಣ್ಣ. 1794ರಲ್ಲಿ ಇಂಗ್ಲೆಂಡಿಗೆ ಮರಳಿದ ಮೇಲೆ ಅದನ್ನೇ ತಾಮ್ರದ ತಗಡಿಗೆ ಇಳಿಸಿ, ಆಮ್ಲದಲ್ಲಿ ಕೊರೆಸಿ ಅಚ್ಚು ಹಾಕಿ, ಹಾಳೆಹಾಳೆಗೂ ಕೈಯಿಂದ ಬಣ್ಣ ತುಂಬಿಸಿದರು. 1795ರಿಂದ 1808ರವರೆಗೆ ಹೊರಬಂದ 'ಓರಿಯಂಟಲ್ ಸೀನರಿ'ಯ 144 ಚಿತ್ರಗಳು ಹೀಗೆ ಆದವು. ಬೆಟ್ಟ ನಮ್ಮದು, ಬಣ್ಣ ತುಂಬಿದ್ದು ಲಂಡನ್ನಿನಲ್ಲಿ!

ಅವರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಬಂಡೆಯ ಮೈಯನ್ನು ಅಷ್ಟು ನಿಷ್ಠೆಯಿಂದ ಕಂಡವರು ಕಡಮೆ. ಆದರೆ ಅವರು ಬಂದದ್ದು ಬಿರುಬೇಸಗೆಯಲ್ಲಿ. ಅವರೆ ಹೊಲದ ಮೇಲೆ ಮಲಗುವ ಮಂಜು, ರಾಗಿ ಕಣದ ಬೆಳಗಿನ ಬೆಂಕಿ ಅವರ ಕಣ್ಣಿಗೆ ಬೀಳುವಂತಿರಲಿಲ್ಲ.

ಆ ಮಂಜನ್ನು ಹಿಡಿಯಲು ನಾನೀಗ ಭಾನುವಾರಗಳಂದು ಹೆಣಗುತ್ತೇನೆ. ಜಲವರ್ಣದಲ್ಲಿ ಮಂಜಿಗೆ ಬಣ್ಣವಿಲ್ಲ; ಕಾಗದದ ಬಿಳುಪನ್ನೇ ಉಳಿಸಿಕೊಳ್ಳಬೇಕು. ಹಾಳೆಯನ್ನು ನೆನೆಸಿ, ದೂರದ ಬೆಟ್ಟಕ್ಕೆ ಬೂದಿನೀಲಿಯ ಒಂದು ಪದರ ಕೊಟ್ಟು, ಅದರ ಬುಡ ತಾನಾಗಿ ಕರಗುವಂತೆ ಬಿಡಬೇಕು. ಪೂರ್ತಿ ಒಣಗಿದ ಮೇಲೆಯೇ ಎದುರಿನ ಹುಣಿಸೆ: ಗಟ್ಟಿ ಕಂದು, ಕಪ್ಪುಹಸಿರು. ನನಗೆ ಅಷ್ಟು ತಾಳ್ಮೆಯಿಲ್ಲ. ಬೆಟ್ಟ ಒಣಗುವ ಮೊದಲೇ ಮರಕ್ಕೆ ಕೈಹಾಕುತ್ತೇನೆ, ಎರಡೂ ಕಲಸಿಹೋಗುತ್ತವೆ.

ಅಜ್ಜಿ ಈಗಿಲ್ಲ. ಹೋದ ಪುಷ್ಯದಲ್ಲಿ ಬರೆದ ಒಂದನ್ನು ಮಗಳಿಗೆ ತೋರಿಸಿದೆ. "ಹುಣಿಸೆಮರ ಅಲ್ವಾ ಅಪ್ಪಾ? ಬೆಟ್ಟ ಮಾತ್ರ ಎಲ್ಲಿಗೋ ಹೋಗಿಬಿಟ್ಟಿದೆ" ಎಂದಳು.